ಕಿತ್ತಿದ್ದು ನೀಲಗಿರಿ, ಹಚ್ಚಿದ್ದು ಊರ ಮರ

ಹರಿಹರದಲ್ಲಿ ಹೊಳೆ ದಾಟಿದರೆ ಆಚೆ ದಂಡೆಯಲ್ಲಿ ಕುಮಾರಪಟ್ಟಣ. ಮರದಿಂದ ರೇಯಾನ್ ನೂಲಿಗೆ ಬೇಕಾದ ತಿರುಳು ತೆಗೆಯುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1972ರಲ್ಲಿ ಅಲ್ಲಿ ಶುರುವಾಯಿತು. ಎರಡೂ ದಂಡೆಯ ಎಷ್ಟೋ ಮನೆಗಳಿಗೆ ಅದರಿಂದ ಅನ್ನ ಸಿಕ್ಕಿದ್ದು ನಿಜ. 1984ರ ಸುಮಾರಿಗೆ ಕಾರ್ಖಾನೆಯ ಕೆಳಗಿನ ತುಂಗಭದ್ರೆಯಲ್ಲಿ ಮೀನುಗಳು ರಾಶಿಗಟ್ಟಲೆ ಸತ್ತು ತೇಲಿದವು. ಮೊದಲು ದನಿ ಎತ್ತಿದವರು ಹೊಳೆಸಾಲಿನ ಊರುಗಳವರು, ಬಲೆ ನಂಬಿ ಬದುಕಿದವರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನಾ ಸಮುದಾಯ ಅವರ ಜೊತೆ ನಿಂತಿತು.

ಅದೇ 1984ರಲ್ಲಿ ಸರ್ಕಾರ ಮತ್ತು ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿದವು. ನೀಲಗಿರಿ ಬೆಳೆಯಲು ಅದಕ್ಕೆ ಸುಮಾರು 30,000 ಹೆಕ್ಟೇರ್ ಭೂಮಿ ಗೊತ್ತಾಯಿತು. ಸರ್ಕಾರದ ಕಡತದಲ್ಲಿ ಅದು ಸಿ ಮತ್ತು ಡಿ ವರ್ಗದ ಜಮೀನು. ಊರಿನವರಿಗೆ ಅದು ದನ ಮೇಯಿಸುವ, ಪುಳ್ಳೆ ಆಯುವ ಜಾಗ. ಮೇವು ಕೊಡದ ಮರವನ್ನು ಮೇವಿನ ನೆಲದಲ್ಲೇ ಸಾಲುಗಟ್ಟಿ ನೆಟ್ಟರು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚಿನಲ್ಲಿ ಮಧ್ಯಂತರ ಆದೇಶ ಬಂತು. ಜನ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಗಳನ್ನು ಕಿತ್ತರು, ಹಣ್ಣು, ಮೇವು, ಉರುವಲು ಕೊಡುವ ಗಿಡ ಹಚ್ಚಿದರು. ಅದೂ ಗುಟ್ಟಾಗಿ ಅಲ್ಲ. ಮೊದಲೇ ಸಾರಿ, ಬಂಧನಕ್ಕೆ ಸಿದ್ಧರಾಗಿ.

ಹಾಳಾದ ನೆಲವನ್ನು ಮತ್ತೆ ಜೀವಂತ ಮಾಡುವವರು ಜಗತ್ತಿನ ಬೇರೆ ಕಡೆಯೂ ಆಗ ಇದೇ ಕೆಲಸಕ್ಕೆ ಇಳಿದಿದ್ದರು. ಮಾರಿಷಸ್ ಬಳಿಯ ರೌಂಡ್ ಐಲೆಂಡ್ ಎಂಬ ಪುಟ್ಟ ದ್ವೀಪದಲ್ಲಿ, ಮನುಷ್ಯರು ತಂದು ಬಿಟ್ಟಿದ್ದ ಆಡು, ಮೊಲಗಳು ಹಸಿರನ್ನೆಲ್ಲ ಬೋಳಿಸಿದ್ದವು. ಮೊದಲು ಆಡುಗಳನ್ನು, 1986ರ ಹೊತ್ತಿಗೆ ಮೊಲಗಳನ್ನೂ ತೆಗೆದ ಮೇಲೆ ಅಲ್ಲಿನದೇ ತಾಳೆ ಜಾತಿಯ ಮರಗಳು ಮತ್ತೆ ಚಿಗುರಿದವು. ಅಲ್ಲಿ ವಿಜ್ಞಾನಿಗಳು ಮಾಡಿದ್ದನ್ನು ಇಲ್ಲಿ ದನಗಾಹಿಗಳು, ರೈತರು, ಸೌದೆ ಹೊರುವ ಹೆಂಗಸರು ಮಾಡಿದರು. ಜನವಸತಿಯಿಲ್ಲದ ದ್ವೀಪದಲ್ಲಿ ನೆಲ ಯಾರದು ಎಂಬ ಪ್ರಶ್ನೆ ಏಳುವುದಿಲ್ಲ. ಇಲ್ಲಿ ಅದನ್ನು ಬಗೆಹರಿಸದೆ ಒಂದು ಗಿಡವೂ ಉಳಿಯುತ್ತಿರಲಿಲ್ಲ. ನಮ್ಮ ಸೀಮೆಯ ಪರಿಸರ ಚಳವಳಿಯ ತೂಕ ಇರುವುದೇ ಇದರಲ್ಲಿ ಎಂದು ನನಗೆ ಅನಿಸುತ್ತದೆ.

ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿ 1991ರಲ್ಲಿ ಮುಚ್ಚಿತು. ಹೊಸದಾಗಿ ನೀಲಗಿರಿ ನೆಡಬಾರದೆಂದು ರಾಜ್ಯ ಸರ್ಕಾರ ಹೇಳಲು 2017 ಬರಬೇಕಾಯಿತು.

ಹರಿಹರಕ್ಕೆ ಹತ್ತಿರದಲ್ಲೇ ರಾಣೆಬೆನ್ನೂರಿನ ಕೃಷ್ಣಮೃಗ ಧಾಮವಿದೆ. 1974ರಲ್ಲಿ ಘೋಷಣೆಯಾದ ಈ ಧಾಮ ಸುಮಾರು 119 ಚದರ ಕಿ.ಮೀ. ಹರವಿನದು. ಅದರೊಳಗೂ ನೀಲಗಿರಿ ನೆಡುತೋಪುಗಳಿವೆ. ಕೃಷ್ಣಮೃಗಕ್ಕೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ, ಓಡಲು ಎಡೆಯಿರುವ ಹುಲ್ಲುಬಯಲು. ಎರೆಭೂತ ಹಕ್ಕಿಯೂ ಒಂದು ಕಾಲಕ್ಕೆ ಇಂಥ ಬಯಲನ್ನೇ ನೆಚ್ಚಿ ಇಲ್ಲಿತ್ತು. ಇಲ್ಲಿ ಹಚ್ಚುವುದಕ್ಕಿಂತ ಕೀಳುವ ಕೆಲಸವೇ ಹೆಚ್ಚು ಆಗಬೇಕು, ಕಿತ್ತ ಜಾಗವನ್ನು ಹುಲ್ಲಿಗೇ ಬಿಡಬೇಕು. ಯಾವ ಬಯಲು ಮೊದಲು, ಎಷ್ಟು ವರ್ಷ ಮೇಯಿಸುವುದನ್ನು ನಿಲ್ಲಿಸಬೇಕು ಎಂಬುದನ್ನು ಸುತ್ತಲ ಊರುಗಳ ಕುರಿಗಾಹಿಗಳನ್ನು ಕೂರಿಸಿಕೊಂಡೇ ಅರಣ್ಯ ಇಲಾಖೆ ತೀರ್ಮಾನಿಸಲಿ.