ಕಚೇರಿಯ ಬರಹದಲ್ಲಿ ಪದಗಳ ಆಯ್ಕೆ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಕಚೇರಿಯಲ್ಲಿ ಬರೆದ ಮಾತಾದರೋ ಅಷ್ಟಕ್ಕೆ ಹೋಗುವುದಿಲ್ಲ. ಬರೆದವನು ವರ್ಗವಾಗಿ ಹೋದಮೇಲೆಯೂ ಅದು ಕಡತದಲ್ಲಿ ಉಳಿದು, ಜನರ ಹಣವನ್ನೂ ಹಕ್ಕನ್ನೂ ನಿರ್ಣಯಿಸುತ್ತಿರುತ್ತದೆ. ಆದುದರಿಂದ ಅಲ್ಲಿ ಪದಗಳನ್ನು ಹೇಗೆ ಆರಿಸಬೇಕೆಂಬುದು ವಿಚಾರಾರ್ಹವಾದ ವಿಷಯ.

ನಮ್ಮ ಆಡಳಿತದ ಕನ್ನಡದಲ್ಲಿ ಹಲವು ಮೂಲಗಳ ಪದಗಳು ಕೂಡಿಕೊಂಡಿವೆ. ಅರ್ಜಿ, ಜಮೀನು, ತಕರಾರು ಮೊದಲಾದುವು ಅರಬ್ಬಿ-ಪಾರಸಿಗಳಿಂದ ಬಂದವು. ನೋಟೀಸು, ಫೈಲು ಇಂಗ್ಲಿಷಿನವು. ಅಧಿಸೂಚನೆ, ಅನುಮೋದನೆ ಸಂಸ್ಕೃತದವು. 1963ರ ಅಧಿನಿಯಮವು ಕನ್ನಡವನ್ನು ರಾಜ್ಯದ ಆಡಳಿತಭಾಷೆಯನ್ನಾಗಿ ಮಾಡಿದಮೇಲೆ ಇವುಗಳಲ್ಲಿ ಯಾವುದನ್ನು ಬಳಸಬೇಕೆಂಬ ಪ್ರಶ್ನೆಗೆ ಹೆಚ್ಚಿನ ಮಹತ್ತ್ವ ಬಂದಿತು. ಪದದ ಕುಲವನ್ನು ವಿಚಾರಿಸುವುದರಿಂದ ಕೆಲಸ ಸಾಗದು. ಓದುವವನಿಗೆ ಅದು ಪರಿಚಿತವೇ ಎಂಬುದೇ ಮುಖ್ಯ. ‘ಅರ್ಜಿ’ಯೆಂದರೆ ಓದುಬರಹವಿಲ್ಲದ ರೈತನೂ ತಿಳಿಯುವನು, ‘ವಿಜ್ಞಾಪನಾಪತ್ರ’ವೆಂದರೆ ಪಟ್ಟಣಿಗನೂ ಕ್ಷಣಕಾಲ ತಡೆಯುವನು.

ಪರಿಚಯದೊಡನೆ ಖಚಿತತೆಯೂ ಬೇಕು. ಶಿಫಾರಸು ಎಂಬುದು ಮೇಲಿನವರಿಗೆ ಮಾಡುವ ಸಲಹೆ. ಮಂಜೂರು ಎಂಬುದು ಮುಗಿದ ತೀರ್ಮಾನ. ಗುಮಾಸ್ತನು ಒಂದರ ಬದಲು ಇನ್ನೊಂದನ್ನು ಬರೆದರೆ, ಅರ್ಜಿದಾರನು ಬಾರದ ಹಣವನ್ನು ನಂಬಿ ಸಾಲ ಮಾಡಿಯಾನು. ‘ವಜಾ’ ಎಂಬ ಮಾತನ್ನೇ ನೋಡಿರಿ. ಅರ್ಜಿಯನ್ನು ವಜಾ ಮಾಡುವುದೆಂದರೆ ತಳ್ಳಿಹಾಕುವುದು. ನೌಕರನನ್ನು ವಜಾ ಮಾಡುವುದೆಂದರೆ ಕೆಲಸದಿಂದ ತೆಗೆಯುವುದು. ಲೆಕ್ಕದಲ್ಲಿ ವಜಾ ಮಾಡುವುದೆಂದರೆ ಕಳೆಯುವುದು. ಏನನ್ನು ಎಂಬುದನ್ನು ಬಿಟ್ಟು ‘ವಜಾ ಮಾಡಲಾಗಿದೆ’ ಎಂದಷ್ಟೇ ಬರೆದರೆ ಓದುವವನು ಏನೆಂದು ತಿಳಿಯಬೇಕು?

ಇವೆಲ್ಲಕ್ಕಿಂತ ಹೆಚ್ಚಿನ ಕೇಡನ್ನು ಮಾಡುವುದು ಅರ್ಥವನ್ನು ಮರೆಮಾಡುವ ವಾಕ್ಯ. ಗಂಡನ ಹೆಸರಿನಲ್ಲಿದ್ದ ಮನೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ವಿಧವೆಯೊಬ್ಬಳು ಅರ್ಜಿ ಕೊಟ್ಟಿರುವಳೆಂದು ಭಾವಿಸೋಣ. ‘ಸದರಿ ವಿಷಯದಲ್ಲಿ ಅಗತ್ಯ ದಾಖಲೆಗಳನ್ನು ನಿಗದಿತ ಅವಧಿಯೊಳಗೆ ಹಾಜರುಪಡಿಸತಕ್ಕದ್ದು, ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು’ ಎಂದು ಆಕೆಗೆ ಉತ್ತರ ಬರುತ್ತದೆ. ಯಾವ ದಾಖಲೆ? ಎಂದಿನೊಳಗೆ? ಯಾರು ಏನು ಮಾಡುವರು? ಒಂದೂ ತಿಳಿಯದು. ಆಕೆ ಇನ್ನೊಬ್ಬರಿಗೆ ಹಣ ಕೊಟ್ಟು ಅರ್ಥ ಕೇಳಬೇಕು, ಇಲ್ಲವೆ ಅವಧಿ ಮೀರುವವರೆಗೆ ಸುಮ್ಮನಿರಬೇಕು. ಅದನ್ನೇ ಹೀಗೆ ಬರೆಯಬಹುದಾಗಿತ್ತು: ‘ನಿಮ್ಮ ಯಜಮಾನರ ಮರಣಪ್ರಮಾಣಪತ್ರವನ್ನೂ ಮನೆಯ ಕಂದಾಯದ ರಸೀದಿಯನ್ನೂ ಈ ತಿಂಗಳ 20ನೆಯ ತಾರೀಖಿನೊಳಗೆ ನಮ್ಮ ಕಚೇರಿಗೆ ತಂದುಕೊಡಿರಿ. ಅವು ಬರುವವರೆಗೆ ಖಾತೆಯನ್ನು ಬದಲಾಯಿಸಲು ಸಾಧ್ಯವಾಗುವುದಿಲ್ಲ.’ ಇದರಿಂದ ಕಚೇರಿಯ ಘನತೆಗೆ ಕುಂದೇನೂ ಇಲ್ಲ. ಆಕೆಗೆ ಒಂದು ಅಲೆದಾಟವೂ ಕಚೇರಿಗೆ ಒಂದು ಮರುಪತ್ರವೂ ಉಳಿಯುತ್ತವೆ.

ನಿರಾಕರಣೆಯಲ್ಲಿಯೂ ವಿವೇಕವಿರಬೇಕು. ‘ತಿರಸ್ಕರಿಸಲಾಗಿದೆ’ ಎಂಬ ಪದದಲ್ಲಿ ಅರ್ಜಿಯೊಡನೆ ಅರ್ಜಿದಾರನನ್ನೂ ಹಳಿದ ಧ್ವನಿಯುಂಟು. ‘ಇಂಥ ಕಾರಣದಿಂದ ಒಪ್ಪಲು ಸಾಧ್ಯವಾಗಿಲ್ಲ’ ಎಂದರೆ ತೀರ್ಮಾನವು ಬದಲಾಗದಿದ್ದರೂ ಆತನ ಮಾನವು ಉಳಿಯುವುದು. ಮುಂದೇನು ಮಾಡಬೇಕೆಂಬುದೂ ತಿಳಿಯುವುದು.

ರುಜು ಹಾಕುವ ಮುನ್ನ ಪತ್ರವನ್ನೊಮ್ಮೆ ಗಟ್ಟಿಯಾಗಿ ಓದಿ, ಯಾರು, ಏನನ್ನು, ಎಂದಿನೊಳಗೆ ಮಾಡಬೇಕೆಂಬುದು ಕಿವಿಗೆ ಸ್ಪಷ್ಟವಾಗಿ ಕೇಳುವುದೇ ಎಂದು ಪರೀಕ್ಷಿಸುವುದು ಲೇಸು. ಕೇಳದಿದ್ದರೆ ಆ ಪತ್ರವನ್ನು ಇನ್ನೊಮ್ಮೆ ಬರೆಯಬೇಕು.