ಗಣಕ ಮೌನವಾದರೆ ಕೆಂಪು ದೀಪ

ಹೊಳೆನರಸೀಪುರದಲ್ಲಿ ಹಾಸನದ ರೈಲಿಗಾಗಿ ಕಾಯುವಾಗ ನೀವು ಸಿಗ್ನಲ್ ದೀಪವನ್ನು ನೋಡಿರಬಹುದು. ಅದರ ಕಿರುಮಾದರಿಯನ್ನು ಮೇಜಿನ ಮೇಲೆಯೇ ರಚಿಸಬಹುದು. ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶವು ಗಣಕದಲ್ಲಿದ್ದು, ಮುಂದಿನ ಹಳಿ ತೆರವಾಗಿದೆಯೇ ಎಂಬುದನ್ನು ನಿರ್ಣಯಿಸುತ್ತದೆ. ಯುಎಸ್‌ಬಿ ತಂತಿಯಲ್ಲಿ ಬಂದ ಅದರ ಆಜ್ಞೆಯಂತೆ ಆರ್ಡುಯಿನೋ ಫಲಕದ ಮೈಕ್ರೋಕಂಟ್ರೋಲರ್ ದೀಪವನ್ನು ಬೆಳಗಿಸುತ್ತದೆ. ಫಲಕದ 5 ವೋಲ್ಟಿನಲ್ಲಿ ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಉಳಿದ 3 ವೋಲ್ಟನ್ನು 330 ಓಮಿನ ರೋಧಕವು ಹೊತ್ತರೆ ಪ್ರವಾಹವು ಸುಮಾರು 9 ಮಿಲಿಆಂಪಿಯರಿಗೆ ಮಿತಗೊಳ್ಳುತ್ತದೆ.

ಆದರೆ ಗಣಕವು ಹಠಾತ್ತನೆ ಸ್ತಬ್ಧವಾಯಿತೆನ್ನಿ. ಕೊನೆಯ ಆಜ್ಞೆ ಹಸಿರಾಗಿದ್ದರೆ ದೀಪವೂ ಹಸಿರಾಗಿಯೇ ಉಳಿದೀತು. ಹಿಂದಿನ ರೈಲು ಮುಂದಿನದಕ್ಕೆ ಡಿಕ್ಕಿ ಹೊಡೆದೀತು! ಆದುದರಿಂದ, 1 ಸೆಕೆಂಡಿನವರೆಗೆ ಗಣಕದಿಂದ ಸುದ್ದಿ ಬಾರದಿದ್ದರೆ ತಾನಾಗಿಯೇ ಕೆಂಪನ್ನು ತೋರುವಂತೆ ಮೈಕ್ರೋಕಂಟ್ರೋಲರಿಗೆ ಕಲಿಸಬೇಕು. ತಂತಿಯೇ ಕಳಚಿ ದೀಪ ಆರಿದರೆ? ನಿಜವಾದ ರೈಲುದಾರಿಯಲ್ಲಿ, ಆರಿದ ಸಿಗ್ನಲ್ಲಿನ ಮುಂದೆಯೂ ಚಾಲಕನು ಕೆಂಪನ್ನು ಕಂಡಂತೆಯೇ ರೈಲನ್ನು ನಿಲ್ಲಿಸಬೇಕು. ಸಂದೇಹ ಬಂದಲ್ಲಿ ನಿಲ್ಲುವುದೇ ಕ್ಷೇಮ.