ನೆರೆಮನೆಯ ಕೊಟ್ಟಿಗೆ ಮತ್ತು ನನ್ನ ಉಪವಾಸ

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಅಲ್ಲಿಂದ ಹೊಸನಗರವನ್ನು ಹಾದು ಸಾಗರದ ಸೀಮೆಗೆ ಬಂದು, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ಕಡಲಿನಂತೆ ನಿಲ್ಲುತ್ತದೆ. ಈ ಮೂರು ತಾಲ್ಲೂಕುಗಳನ್ನು ಹೊಳೆಯೊಂದು ಜೋಡಿಸಿರುವಂತೆ ಜ್ವರವೊಂದೂ ಜೋಡಿಸಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಅದು. ಸೋಂಕು ತಗುಲಿದ ಉಣುಗು ಕಚ್ಚಿ ಬರುವ ಈ ರೋಗ ಮಳೆಗಾಲ ಕಳೆದ ಮೇಲೆ ತಲೆಯೆತ್ತಿ, ಬೇಸಿಗೆಯಲ್ಲಿ ಉಲ್ಬಣಿಸಿ, ಮುಂಗಾರಿನೊಂದಿಗೆ ಅಡಗುತ್ತದೆ. ಸೌದೆಗೆ, ದರಗಿಗೆ, ದನ ಮೇಯಿಸಲು ಕಾಡಿಗೆ ಹೋಗುವ ಬಡವರನ್ನೇ ಅದು ಹೆಚ್ಚಾಗಿ ಹಿಡಿಯುತ್ತದೆ.

ಕ್ರೈಸ್ತರಾದ ನಮಗೆ ಅದೇ ದಿನಗಳಲ್ಲಿ ತಪಸ್ಸುಕಾಲವೂ ಬರುತ್ತದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳು ಉಪವಾಸಕ್ಕೆ, ಪ್ರಾರ್ಥನೆಗೆ, ದಾನಕ್ಕೆ ಮೀಸಲು. ಜ್ವರದ ಕಾಲವೂ ತಪಸ್ಸಿನ ಕಾಲವೂ ಹೀಗೆ ಒಟ್ಟಿಗೆ ಬರುವುದರಲ್ಲಿ ನನಗೊಂದು ಪಾಠವಿದೆಯೆಂದು ಬಹಳ ಕಾಲ ಹೊಳೆದಿರಲಿಲ್ಲ.

ಅದು ಹೊಳೆದದ್ದು 2019ರಲ್ಲಿ. ಹಿಂದಿನ ವರ್ಷದ ಕೊನೆಯಿಂದಲೇ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಕಾಯಿಲೆ ಹಲವರನ್ನು ಬಲಿ ತೆಗೆದುಕೊಂಡಿತ್ತು. ರೋಗಿಗಳನ್ನು ಘಟ್ಟದ ಕೆಳಗಿನ ಮಣಿಪಾಲಕ್ಕೆ ಸಾಗಿಸುತ್ತಿದ್ದರು. ನಮ್ಮ ನೆರೆಮನೆಯ ಯಜಮಾನರಿಗೂ ಜ್ವರ ಬಂತು. ಅವರೊಂದಿಗೆ ಪತ್ನಿಯೂ ಆಸ್ಪತ್ರೆಗೆ ಹೋದರು. ಮನೆಯಲ್ಲಿ ಉಳಿದದ್ದು ನಡೆಯಲಾರದ ಅಜ್ಜಿ ಮತ್ತು ಕೊಟ್ಟಿಗೆಯಲ್ಲಿ ಎರಡು ಹಸು.

ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲವೆಂದು ನನಗೆ ತಿಳಿದಿತ್ತು. ಶಾಲೆಯಲ್ಲಿ ಮಕ್ಕಳಿಗೆ ಅದನ್ನು ನಾನೇ ಹೇಳಿಕೊಟ್ಟಿದ್ದೆ. ಆದರೂ ಆ ಅಂಗಳಕ್ಕೆ ಕಾಲಿಡಲು ಹೆದರಿದೆ. ಕೊಟ್ಟಿಗೆಯ ದರಗಿನಲ್ಲಿ ಉಣುಗು ಇದ್ದರೆ ಎಂಬ ಅಳುಕು. ಮೂರು ಶುಕ್ರವಾರ ಉಪವಾಸವಿದ್ದೆ, ಚರ್ಚಿನಲ್ಲಿ ಅವರ ಹೆಸರು ಹೇಳಿ ಪ್ರಾರ್ಥಿಸಿದೆ. ಅಷ್ಟಕ್ಕೇ ಮನಸ್ಸು ಸಮಾಧಾನಪಟ್ಟುಕೊಂಡಿತು.

ಆ ಮನೆಗೆ ಹೋದವರು ನಮ್ಮ ಚರ್ಚಿನ ಹಿಂದಿನ ಸಾಲಿನಲ್ಲಿ ಕೂರುವ ಒಬ್ಬ ಹೆಂಗಸು. ಕರಾವಳಿಯಿಂದ ಅಡಿಕೆ ತೋಟದ ಕೆಲಸಕ್ಕೆಂದು ಘಟ್ಟ ಹತ್ತಿದ ಕೊಂಕಣಿ ಮಾತಿನ ಕುಟುಂಬದವರು, ಅಕ್ಷರ ಬಾರದವರು. ಕೈಕಾಲಿಗೆ ಆರೋಗ್ಯ ಇಲಾಖೆ ಹಂಚಿದ ಎಣ್ಣೆ ಹಚ್ಚಿಕೊಂಡು ದಿನಕ್ಕೆರಡು ಸಲ ಹೋಗಿ ಸಗಣಿ ಬಾಚಿ, ಹಾಲು ಕರೆದು, ಅಜ್ಜಿಗೆ ಗಂಜಿ ಕಾಯಿಸಿ ಕೊಡುತ್ತಿದ್ದರು. ಸಂಜೆ ದೀಪಕ್ಕೆ ಬತ್ತಿ ಹೊಸೆದು, ಎಣ್ಣೆ ಹಾಕಿ, ಅಜ್ಜಿಯ ತೋಳು ಹಿಡಿದು ತುಳಸಿಕಟ್ಟೆಯವರೆಗೆ ನಡೆಸಿಕೊಂಡು ಬರುತ್ತಿದ್ದರು. ದೀಪವಿಡುವುದು ಅಜ್ಜಿಯ ಕೆಲಸ, ನಡೆಸುವುದು ತನ್ನ ಕೆಲಸ ಎಂಬಂತೆ.

ಭಯವಾಗುವುದಿಲ್ಲವೇ ಎಂದು ಬೇಲಿಯ ಈಚೆಯಿಂದ ಕೇಳಿದೆ. "ಹಸೀಗೆ ಜ್ವರ ಬಂದಿಲ್ವಲ್ಲ ಮೇಷ್ಟ್ರೇ. ಕರೀದೇ ಬಿಟ್ರೆ ಕೆಚ್ಚಲು ಬಾತುಕೊಳ್ತದೆ" ಎಂದರು. ಅವರ ಬಾಯಲ್ಲಿ ದೇವರ ಹೆಸರೇ ಬರಲಿಲ್ಲ.

ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ನಾನು ಎಷ್ಟೋ ಸಲ ಹೇಳಿದ ಕಥೆಯೊಂದಿದೆ. ತನ್ನ ನೆರೆಯವನು ಯಾರು ಎಂದು ಶಾಸ್ತ್ರಿಯೊಬ್ಬ ಯೇಸುವನ್ನು ಕೇಳುತ್ತಾನೆ. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ನೋಡಿಯೂ ಪೂಜಾರಿ ಮತ್ತು ಲೇವಿಯ ಪಕ್ಕಕ್ಕೆ ಸರಿದು ಹೋದರು. ಕೀಳೆಂದು ದೂರವಿಡಲಾಗಿದ್ದ ಸಮಾರ್ಯದವನು ಗಾಯ ಕಟ್ಟಿ, ಛತ್ರಕ್ಕೆ ಒಯ್ದು, ಖರ್ಚನ್ನೂ ಕೊಟ್ಟ. ಕಥೆ ಮುಗಿಸಿ ಯೇಸು ಪ್ರಶ್ನೆಯನ್ನೇ ತಿರುಗಿಸುತ್ತಾನೆ: ಬಿದ್ದವನಿಗೆ ನೆರೆಯವನಾದವನು ಯಾರು? ನೆರೆಹೊರೆ ಎಂಬುದು ಮನೆಗಳ ನಡುವಿನ ದೂರವನ್ನು ಅಳೆದು ತೀರ್ಮಾನಿಸುವ ಸಂಗತಿಯಲ್ಲ. ಎದ್ದು ಹೋಗುವವನೇ ನೆರೆಯವನು. ಒಂದು ಮನೆಗೂ ಇನ್ನೊಂದಕ್ಕೂ ಅರ್ಧ ಮೈಲಿ ಅಂತರವಿರುವ ಮಲೆನಾಡಿಗರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಆ ಬೇಸಿಗೆಯಲ್ಲಿ ಪಕ್ಕಕ್ಕೆ ಸರಿದವನು ಕಥೆ ಹೇಳುವ ಮೇಷ್ಟ್ರೇ ಆಗಿದ್ದ.

ಕ್ರೈಸ್ತರ ಸೇವೆಯೆಂದರೆ ಅನುಮಾನಪಡುವವರು ನಮ್ಮಲ್ಲಿದ್ದಾರೆ. ಆ ಅನುಮಾನಕ್ಕೆ ಚರಿತ್ರೆಯ ಬೇರುಗಳಿಲ್ಲವೆಂದು ನಾನು ವಾದಿಸಲಾರೆ. ತೀರ್ಥಹಳ್ಳಿ ಸೀಮೆಯ ಬದುಕನ್ನು ಕಡೆದಿಟ್ಟ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಊರಿಗೆ ಬರುವ ಪಾದ್ರಿ, ಜನರನ್ನು ತನ್ನ ಮತಕ್ಕೆ ಸೇರಿಸಿಕೊಳ್ಳುವ ಹಂಬಲವನ್ನೂ ಜೊತೆಗೇ ತರುತ್ತಾನೆ. ಪ್ರತಿಫಲದ ಮೇಲೆ ಕಣ್ಣಿಟ್ಟ ಉಪಕಾರ, ಅದು ಎಷ್ಟೇ ಪುಣ್ಯದ ಹೆಸರಿನದಾದರೂ, ವ್ಯವಹಾರವೇ ಸರಿ. ಈ ಅನುಮಾನಕ್ಕೆ ಭಾಷಣದಲ್ಲಿ ಉತ್ತರವಿಲ್ಲ. ಅಜ್ಜಿಯನ್ನು ಅಜ್ಜಿಯ ದೇವರ ಬಳಿಗೇ ನಡೆಸಿಕೊಂಡು ಹೋದ ಆ ಕೈಯಲ್ಲಿ ಉತ್ತರವಿದೆ. ಕೃತಿಯಿಲ್ಲದ ವಿಶ್ವಾಸ ಸತ್ತದ್ದೆಂದು ಯಕೋಬನ ಪತ್ರ ಎಚ್ಚರಿಸುತ್ತದೆ. ಲೆಕ್ಕವಿಡುವ ಕೃತಿಗೂ ಆಯುಸ್ಸು ಕಡಿಮೆಯೆಂದು ನಾನು ಸೇರಿಸಬಯಸುತ್ತೇನೆ.

ನೆರೆಮನೆಯವರು ಬದುಕಿ ಮರಳಿದರು. ಹೆಂಗಸು ಕೊಟ್ಟಿಗೆಯ ಕೆಲಸವನ್ನು ಅವರಿಗೆ ಒಪ್ಪಿಸಿ ತೋಟದ ಕೂಲಿಗೆ ಹೋದರು. ಆ ವಾರವೂ ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿಯೇ ಕುಳಿತರು. ಆ ದಿನ ಪೀಠದ ಮುಂದೆ ನಿಂತು ಶುಭಸಂದೇಶ ಓದುವ ಸರದಿ ನನ್ನದಾಗಿತ್ತು. ಯೇಸು ಹುಟ್ಟಿದ್ದೂ ಕೊಟ್ಟಿಗೆಯಲ್ಲೇ ಎಂಬುದು ನೆನಪಾಗಿ ನನ್ನ ದನಿ ತಗ್ಗಿತು.

ಮಂಗನ ಕಾಯಿಲೆಗೆ ಬಳಸುತ್ತಿದ್ದ ಹಳೆಯ ಲಸಿಕೆಯನ್ನು ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಮೈಗೆ ಹಚ್ಚುವ ಎಣ್ಣೆ, ಎಚ್ಚರದ ಮಾತು, ಜ್ವರ ಬಂದೊಡನೆ ಆಸ್ಪತ್ರೆ ಇವೇ ಹಳ್ಳಿಯವರ ಆಸರೆ. ಚಳಿಗಾಲದಲ್ಲಿ ಆಶಾ ಕಾರ್ಯಕರ್ತೆಯರು ಎಣ್ಣೆಯ ಬಾಟಲಿ ಹಂಚಲು ಹೊರಟಾಗ ನಾನೂ ಚೀಲ ಹೊತ್ತು ಅವರ ಹಿಂದೆ ನಡೆಯುತ್ತೇನೆ. ದೊಡ್ಡ ಸೇವೆಯೇನಲ್ಲ. ಆದರೆ ಯಾವ ಮನೆಯ ಮುಂದೆಯೂ ಬೇಲಿಯ ಈಚೆ ನಿಲ್ಲಬಾರದೆಂಬ ನಿಯಮವಿಟ್ಟುಕೊಂಡಿದ್ದೇನೆ. ನನ್ನ ತಪಸ್ಸುಕಾಲ ಈಗ ನವೆಂಬರಿನಲ್ಲೇ ಆರಂಭವಾಗುತ್ತದೆ.